ಮಡಕೆ, ಮಡಿಕೆ

ಬೆಳಗಿನ ಐದಕ್ಕೆ ಫುರ್ನಾಶ್ ಕೆರೆಯ ದಂಡೆಯಲ್ಲಿ
ಉರ್ಬಾನು ಮಾಮ ಮಡಕೆ ಹೂಳುತ್ತಾನೆ.
ಹೆಸರಿಗೆ ಮಡಕೆ, ಅಲ್ಯೂಮಿನಿಯಂ ಹಂಡೆ:
ದನದ ಮಾಂಸ, ಕೋಸು, ಕೆಸುವಿನ ಗೆಡ್ಡೆ,
ಮೇಲೆ ಮುಚ್ಚಳ, ಮುಚ್ಚಳಕ್ಕೆ ಬಟ್ಟೆ, ಬಟ್ಟೆಗೆ ಗಂಟು.
ನೆಲವೇ ಒಲೆ ಹೊತ್ತಿಸಿಕೊಂಡು ಕೂತ ಊರು ನಮ್ಮದು.
ಮಣ್ಣೆಳೆದು, ಗೂಟ ನೆಟ್ಟು,
ಮಧ್ಯಾಹ್ನದ ತನಕ ಮರೆತೇಬಿಡುತ್ತಾನೆ.

ಹತ್ತು ಹೆಜ್ಜೆ ಆಚೆ, ಕೊತಕೊತ ಗುಂಡಿಗೆ
ಕೋಲಿನ ತುದಿಯ ಸೀಸೆ ಇಳಿಬಿಟ್ಟು
ನಾನು ಬಗ್ಗಡ ಎತ್ತುತ್ತೇನೆ.
‘ಇದರಲ್ಲೂ ಬದುಕುತ್ತವೇನೆ, ಲುದೊವಿನಾ?’
‘ಇದರಲ್ಲೇ ಬದುಕುತ್ತವೆ, ಮಾಮ.’
ಪ್ರತಿ ಸಲ ಇದೇ ಪ್ರಶ್ನೆ. ಪ್ರತಿ ಸಲ
ಕೆಸುವಿನ ಗೆಡ್ಡೆಯ ಕಡೆ ನೋಡಿ ತಲೆಯಾಡಿಸುತ್ತಾನೆ,
ಅದಕ್ಕೆ ಆ ಬುದ್ಧಿ ಬರಲಿಲ್ಲವಲ್ಲ ಎಂಬಂತೆ.

ಹೋದ ವರ್ಷದ ಬಗ್ಗಡದ ಜೀವಿಯನ್ನು
ಸಾಕಿ, ಒಡೆದು, ಸೋಸಿ, ಮತ್ತೆ ಸೋಸಿ
ಒಂದೇ ಒಂದು ಪ್ರೋಟೀನನ್ನು ಉಳಿಸಿಕೊಂಡಿದ್ದೇನೆ:
ಕಣ್ಣಿಗೆ ಬರೀ ನೀರು, ಬೆರಳುಗಾತ್ರದ ಗಾಜಿನ ಡಬ್ಬಿಯಲ್ಲಿ.
ಪಕ್ಕದ ಡಬ್ಬಿಯಲ್ಲಿ ಅದರ ದೂರದ ದಾಯಾದಿ,
ನಮ್ಮ ನಿಮ್ಮ ಕರುಳಲ್ಲಿ ಬೆಚ್ಚಗೆ ಬಾಳುವ ಬ್ಯಾಕ್ಟೀರಿಯಾದ್ದು.
ಝಸಿಂತು ಯಂತ್ರದ ಗುಂಡಿ ಒತ್ತುತ್ತಾನೆ.
ನಿಮಿಷಕ್ಕೊಂದು ಡಿಗ್ರಿ.

ನಲವತ್ತೆರಡು. ದಾಯಾದಿಗೆ ಸೆಖೆ, ಅಷ್ಟೆ.
ಐವತ್ತು. ಒಳಗೆಲ್ಲೋ ಒಂದು ಹಿಡಿತ ಸಡಿಲ.
ಐವತ್ತನಾಲ್ಕು. ಅರ್ಧಕ್ಕರ್ಧ ಬಿಚ್ಚಿಕೊಂಡಿವೆ.
ಅರ್ಧ ಎಂದರೆ ಒಂದೊಂದೂ ಅರ್ಧರ್ಧವಲ್ಲ:
ಅರ್ಧ ಮಂದಿ ಮನೆಯೊಳಗೆ,
ಅರ್ಧ ಮಂದಿ ಬೀದಿಯಲ್ಲಿ,
ಹೊಸ್ತಿಲ ಮೇಲೆ ನಿಂತವರು ಒಬ್ಬರೂ ಇಲ್ಲ.
ಅರವತ್ತಕ್ಕೆ ನೀರು ಬೆಳ್ಳಗಾಯಿತು.
ಎಣ್ಣೆಗಂಜಿ ನೀರಿಗಂಜಿ ಒಳಗೆ ಮುದುರಿಟ್ಟ ಗುಟ್ಟುಗಳೆಲ್ಲ
ಹೊರಬಿದ್ದು, ಕಂಡಕಂಡವರಿಗೆ ಅಂಟಿಕೊಂಡು
ಬೆಂದ ಮೊಟ್ಟೆ.
ಇನ್ನು ತಣಿಸಿದರೂ ಅಷ್ಟೇ, ಅತ್ತರೂ ಅಷ್ಟೇ.

ನಮ್ಮ ಗುಂಡಿಯದು ಎಪ್ಪತ್ತರಲ್ಲಿ ನೀರಿನ ಹಾಗೆ ನೀರು.
ಎಂಬತ್ತು. ಝಸಿಂತು ಕಾಫಿ ತಂದ.
ಎಂಬತ್ತೇಳು. ಗೆರೆ ತುಸು ಬಾಗಿತು.
ತೊಂಬತ್ತೊಂದಕ್ಕೆ ಅದೂ ಹೊಸ್ತಿಲು ದಾಟಿತು.

ಈ ಗಟ್ಟಿತನವನ್ನು ಹೊಗಳುವುದು ಸುಲಭ.
ಇಪ್ಪತ್ತು ಡಿಗ್ರಿಯಲ್ಲಿ, ನಿಮಗೆ ನನಗೆ ಹಿತವಾದ ಕೋಣೆಯಲ್ಲಿ,
ಅದು ಒಂದು ಸಕ್ಕರೆಯ ಕೊಂಡಿಯನ್ನೂ ಕತ್ತರಿಸಲಾರದು.
ಮುರಿದಿಲ್ಲ, ಬಿಚ್ಚಿಲ್ಲ,
ಬಾಗಬೇಕಾದಲ್ಲಿ ಬಾಗದು.
ಮಾಮನಿಗೆ ಹೇಳಿದಾಗ ಮೊದಲ ಬಾರಿ ನಗಲಿಲ್ಲ.
ಹದಿನೆಂಟರಲ್ಲಿ ಕಾಡ್ ಮೀನಿನ ಹಡಗೇರಿದ್ದನಂತೆ,
ಮಂಜುಗಡ್ಡೆಯ ಕಡಲಲ್ಲಿ ಗಾಳದ ಹುರಿ ಕೈಯಲ್ಲಿದ್ದೂ
ಬೆರಳು ಮಡಚಲಿಲ್ಲವಂತೆ.
‘ಕೈಗೆ ಏನೂ ಆಗಿರಲಿಲ್ಲ,’ ಎಂದ.
‘ಏನೂ ಆಗದೇ ಇರುವುದೇ ಆಗಿತ್ತು.’

ಯಂತ್ರವನ್ನು ಹಿಂದಕ್ಕೆ ತಿರುಗಿಸಿದೆವು.
ತೊಂಬತ್ತು, ಎಂಬತ್ತು, ನಿಮಿಷಕ್ಕೊಂದು ಡಿಗ್ರಿ ಇಳಿಕೆ.
ಬಿಚ್ಚಿ ಚೆಲ್ಲಾಪಿಲ್ಲಿಯಾದ ಎಳೆ
ಯಾರೂ ಹೇಳಿಕೊಡದೆ, ಯಾರನ್ನೂ ಕೇಳದೆ
ತನ್ನ ಮಣಿಗಳ ಸಾಲನ್ನೇ ತಾನು ಓದಿಕೊಂಡು
ಹಳೆಯ ರೂಪಕ್ಕೆ ಮರಳಿತು.
ಎಲ್ಲವೂ ಅಲ್ಲ. ನೂರಕ್ಕೆ ತೊಂಬತ್ತೆರಡು.
ಉಳಿದ ಎಂಟರ ಬಗ್ಗೆ ವರದಿಯಲ್ಲಿ ಅರ್ಧ ಸಾಲು ಬರೆದೆ.

ಭಾನುವಾರ ಹಂಡೆ ಎತ್ತುವ ಹೊತ್ತು.
ಕೊಕ್ಕೆ ಹಾಕಿ ಎಳೆದರೆ ಗಂಧಕದ ಹಬೆ, ಕೋಸಿನ ಹಬೆ.
ಗೆಡ್ಡೆ ಹದವಾಗಿ ಬೆಂದಿದೆ,
ಅದು ಬಂದ ದಾರಿಗೆ ಸುಂಕವಿಲ್ಲ, ವಾಪಸಿಲ್ಲ.
ಮಾಮ ಗಂಟು ಬಿಚ್ಚಿ ಬಟ್ಟೆ ಕೊಡವಿ
ತೊಡೆಯ ಮೇಲೆ ಹರಡಿಕೊಳ್ಳುತ್ತಾನೆ.
ಇನ್ನೂ ಬಿಸಿ. ಅಂಗೈಯಿಂದ ಒತ್ತಿ
ಹಳೆಯ ಗೀರಿನ ಮೇಲೆ ಒಂದು ಮಡಿಕೆ,
ಅದರ ಮೇಲೆ ಇನ್ನೊಂದು.
ಮೂರನೆಯದು ಸೊಟ್ಟ.
ನೋಡುತ್ತಾನೆ, ಹಾಗೇ ಬಿಡುತ್ತಾನೆ,
‘ತಟ್ಟೆ ತಗೋ’ ಅನ್ನುತ್ತಾನೆ.